ನಾಲ್ಕನೇ ಕಿಟಕಿಯ ಟೊಳ್ಳು

“ಅವರಿಗೆ ಓದಕ್ಕೆ ಬರಲ್ಲ ಮೇಡಂ. ಏನಿದ್ರೂ ನನ್ನ ಹತ್ರ ಹೇಳಿ.”

ಮೇಸ್ತ್ರಿಯ ಭಾಮೈದ ಇದನ್ನು ಗುಟ್ಟಿನ ದನಿಯಲ್ಲೇ ಹೇಳಿದ್ದ, ಕಿಟಕಿಯ ಗಾಜಿಗೆ ಕೊರೆದ ತೂತಿಗೆ ಬಾಯಿ ಹಚ್ಚಿ. ಆದರೆ ತೂತಿನ ಆಚೆ ಒಂದು ಮೈಕಿತ್ತು. ಟೋಕನ್ ನಂಬರು ಕೂಗಿದ ಮೇಲೆ ಅದನ್ನು ಆರಿಸಲು ನಾಲ್ಕನೇ ಕಿಟಕಿಯ ಮೇಡಂ ಮರೆತಿದ್ದರು. ಹೀಗಾಗಿ ಗುಟ್ಟು ಪರವಾನಗಿ ಕಚೇರಿಯ ಹಜಾರದ ನಾಲ್ಕು ಮೂಲೆಯ ಸ್ಪೀಕರುಗಳಿಂದ ಒಟ್ಟಿಗೇ ಹೊರಬಿತ್ತು. ಬರಲ್ಲ, ಬರಲ್ಲ, ಎಂದು ಎತ್ತರದ ಚಾವಣಿಯೂ ಸಾಕ್ಷಿ ಹೇಳಿತು. ಟೋಕನ್ ಹಿಡಿದು ಕುರ್ಚಿಗಳಲ್ಲಿ ಕೂತಿದ್ದ ಜನ ಫೋನುಗಳಿಂದ ಮುಖ ಎತ್ತಿ, ಓದಲು ಬಾರದವನು ನೋಡಲು ಹೇಗಿರುತ್ತಾನೆ ಎಂದು ನೋಡಿದರು. ಮೊದಲ ಸಾಲಿನ ಹೆಂಗಸು, ತನ್ನ ದೇಶದಲ್ಲಿ ಹಲ್ಲಿನ ಡಾಕ್ಟರಾಗಿದ್ದವಳು ಇಲ್ಲಿ ಅಂಗಡಿಯಲ್ಲಿ ನಿಂತು ಹಲ್ಲುಜ್ಜುವ ಬ್ರಷ್ ಮಾರುತ್ತಿದ್ದೇನೆ ಎಂದು ಅರ್ಧ ಗಂಟೆಯ ಹಿಂದಷ್ಟೇ ಮೇಸ್ತ್ರಿಯ ಹತ್ತಿರ ಅತ್ತಿದ್ದವಳು, ಲೋಕದಲ್ಲಿ ತನಗಿಂತ ಕೆಳಗೂ ಒಬ್ಬನಿದ್ದಾನೆಂಬ ಸಮಾಧಾನದಲ್ಲಿ ಮೂಗು ಒರೆಸಿಕೊಂಡಳು. ಬಾಗಿಲ ಬಳಿಯ ಕಾವಲುಗಾರ ಹತ್ತಿರ ಬಂದು, ಕಿವುಡನಿಗೆ ಹೇಳುವ ಹಾಗೆ, ಒಂದೊಂದೇ ಮಾತನ್ನು ಕಿತ್ತು ಕಿತ್ತು ಹೇಳಿದ: “ಹೆಬ್ಬೆಟ್ಟು… ಒತ್ತೋ ಇಂಕು… ಆ ಕಡೆ… ಇದೆ.”

ಟೈಲ್ಸ್ ಮೇಸ್ತ್ರಿ ಅರ್ಜಿ ಹಿಡಿದು ನಿಂತೇ ಇದ್ದ. ಅವನು ಓದುತ್ತಿದ್ದ, ಆದ ಎಡವಟ್ಟೇ ಅದು. ಭಾಮೈದನ ಹಾಗೆ ಕೊನೆಯ ಪುಟಕ್ಕೆ ಹಾರಿ ಸಹಿ ಹಾಕುವ ಜಾಗ ಹುಡುಕುವ ಅಭ್ಯಾಸ ಅವನಿಗಿರಲಿಲ್ಲ. ಟೈಲು ಹಾಕಿದಂತೆಯೇ ಓದುತ್ತಿದ್ದ, ಮೊದಲ ಮೂಲೆಯಿಂದ, ಒಂದರ ಪಕ್ಕ ಒಂದು, ನಡುವೆ ಸಂದು ಸರಿಯಿದೆಯೇ ಎಂದು ನೋಡಿಕೊಂಡು. ಏಳು ಷರತ್ತು ದಾಟಿ ಎಂಟನೆಯದರ ಮೇಲೆ ನಿಂತುಬಿಟ್ಟಿದ್ದ. ‘ಸದರಿ ಸಹಾಯಕನು ಸದರಿ ತಜ್ಞರ ಸತತ ಮೇಲ್ವಿಚಾರಣೆಯಿಲ್ಲದೆ ಯಾವುದೇ ಕೆಲಸವನ್ನು ಮಾಡಲು ಅಸಮರ್ಥನಾಗಿರುತ್ತಾನೆ.’ ಮೂರು ಸಲ ಓದಿದ. ಮೂರು ಸಲವೂ ಅಸಮರ್ಥನಾಗಿಯೇ ಇದ್ದ. ಆ ಹೊತ್ತಿನಲ್ಲಿ ಗಾಜಿನಾಚೆಯ ಮೇಡಂ ಪೆನ್ನು ಕುಟ್ಟಿದರು, ಭಾಮೈದ ಬೆವರಿದ, ಬೆವರಿದವನ ಬಾಯಿಂದ ಆ ಮಾತು ಬಂತು. ಮೇಸ್ತ್ರಿಯ ಹೊಟ್ಟೆಯಿಂದ ಒಂದು ಉತ್ತರ ಎದ್ದು ಎದೆಗೆ, ಎದೆಯಿಂದ ಗಂಟಲಿಗೆ ಬಂದು, ನಾಲಿಗೆಯ ಬುಡದಲ್ಲಿ ಹೆಂಡತಿಯನ್ನು ಕಂಡು ನಿಂತಿತು.

ಹೆಂಡತಿ ಬೆಳಿಗ್ಗೆ ಅವನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಅಂಗಿಗಿಂತ ಹೆಚ್ಚಾಗಿ ಅವನಿಗೆ. “ರೀ, ಅವನು ಏನಂದ್ರೂ ನೀವು ಬಾಯಿ ಬಿಡಬಾರದು.” “ಬಿಡಲ್ಲ.” “ಅಲ್ಲಿ ಹೋಗಿ ನಾನು ಯಾರು ಗೊತ್ತಾ ಅನ್ನಬಾರದು.” “ಅನ್ನಲ್ಲ.” “ಹೋದ ಸಲ ಬ್ಯಾಂಕಲ್ಲಿ ಅಂದ್ರಿ. ನೆಲ ತಟ್ಟಿ ತೋರ್ಸಿದ್ರಿ ಬೇರೆ.” “ಅದು ಟೊಳ್ಳಿತ್ತು ಕಣೇ.” “ಊರಿನ ನೆಲ ಎಲ್ಲಾ ಟೊಳ್ಳಿರ್ಲಿ, ನಿಮಗೇನು? ಮಗಳ ಮೇಲೆ ಆಣೆ ಮಾಡಿ.” ಮಗಳು ಮೇಜಿನ ಕೆಳಗೆ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದವಳು, ತನ್ನ ತಲೆಯ ಮೇಲೆ ಆಣೆ ಬೀಳುವುದು ದಿನವೂ ಇದ್ದದ್ದೇ ಎಂಬಂತೆ, ತಲೆಯನ್ನು ಸುಮ್ಮನೆ ಮುಂದಕ್ಕೆ ಚಾಚಿದಳು. ಅವನು ಮುಟ್ಟಿದ. ಈ ತಿಂಗಳ ಕೊನೆಗೆ ಅವರ ಪರವಾನಗಿ ಮುಗಿಯುತ್ತಿತ್ತು. ಇಂದು ಠಸ್ಸೆ ಬೀಳದಿದ್ದರೆ ಮೂವತ್ತು ದಿನದಲ್ಲಿ ಈ ಮನೆ, ಈ ಇಸ್ತ್ರಿಪೆಟ್ಟಿಗೆ, ಮೂರನೇ ತರಗತಿಯ ಆ ಶೂ ಎಲ್ಲವನ್ನೂ ಕಟ್ಟಿಕೊಂಡು ಹೊರಡಬೇಕು. ಬಾಯಿ ಮುಚ್ಚಿಕೊಂಡಿರುವುದು ಅಷ್ಟೇನೂ ಕಷ್ಟದ ಕೆಲಸವಲ್ಲ ಎಂದು ಬೆಳಿಗ್ಗೆ ಇಸ್ತ್ರಿಯ ಬಿಸಿ ಆರದ ಅಂಗಿಯೊಳಗೆ ಅನಿಸಿತ್ತು.

ಹೊಸ ನಿಯಮ ಬಂದು ಎರಡು ತಿಂಗಳಾಗಿತ್ತು. ಹೊರದೇಶದಿಂದ ಬಂದು ಇಲ್ಲೇ ಪದವಿ ಪಡೆದವರಿಗೆ ಐದು ವರ್ಷ ವಾಸ. ಪದವಿ ಇಲ್ಲದವರಿಗೆ ಅವರ ಹೆಸರಿನಲ್ಲಿ ಏನೂ ಇಲ್ಲ. ಪದವಿ ಇದ್ದ ಒಬ್ಬ ತಜ್ಞನ ಬಾಲ ಹಿಡಿದು, ಅವನ ‘ಸಹಾಯಕ’ ಎಂದು ಬರೆಸಿಕೊಂಡರೆ ಮಾತ್ರ ಒಂದು ವರ್ಷ. ಅಂಕಗಳ ಪಟ್ಟಿಯೊಂದಿತ್ತು. ಪದವಿಗೆ ನಲವತ್ತು. ವಯಸ್ಸು ಕಡಿಮೆಯಿದ್ದರೆ ಇಪ್ಪತ್ತು. ಮೇಸ್ತ್ರಿ ಇಲ್ಲಿಗೆ ಬಂದ ಮೇಲಿನ ಒಂಬತ್ತು ವರ್ಷದ ಕೆಲಸಕ್ಕೆ ಸೊನ್ನೆ. ಎದುರಿಗೆ ‘ಪರಿಶೀಲಿಸಲಾಗದ ಅನುಭವ’ ಎಂದು ಬರೆದಿತ್ತು. ಅದನ್ನು ಓದಿದಾಗ ಅವನು ತನಗೆ ಕೆಲಸ ಕೊಡುವ ಕಂಟ್ರಾಕ್ಟರನ ಮುಖ ನೋಡಿದ್ದ. ಕಂಟ್ರಾಕ್ಟರ್ ಅಷ್ಟು ಹೊತ್ತಿಗೆ ದಾರಿ ಹುಡುಕಿಯಾಗಿತ್ತು. “ನಿನ್ನ ಭಾಮೈದ ಇದ್ದಾನಲ್ಲಯ್ಯ, ಮ್ಯಾನೇಜ್‌ಮೆಂಟ್ ಓದಿರೋನು. ನಮ್ಮ ಕಂಪನೀಲಿ ಅವನೇ ನೆಲಹಾಸು ತಜ್ಞ. ನೀನು ಅವನ ಸಹಾಯಕ. ಕಾಗದದ ಮೇಲೆ ಅಷ್ಟೇ.” “ಅವನಿಗೆ ರಸಮಟ್ಟ ಯಾವ ಕಡೆ ಹಿಡೀಬೇಕು ಅಂತ ಗೊತ್ತಿಲ್ಲ ಸಾರ್.” “ಅದಕ್ಕೇ ಸಹಾಯಕ ಬೇಕು ಅಂತ ಬರೆದಿದ್ದೀನಿ.” ಭಾಮೈದನೂ ಓದು ಮುಗಿಸಿ ಆರು ತಿಂಗಳು ಊರೆಲ್ಲ ಅಲೆದು ಎಲ್ಲೂ ಕೆಲಸ ಸಿಗದೆ, ಅಕ್ಕನ ಮನೆಯ ಸೋಫಾದಲ್ಲಿ ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣದ ಕೋಷ್ಟಕ ಮಾಡುತ್ತ ಮಲಗಿದ್ದವನು, ತಜ್ಞನಾದ ದಿನ ಎದ್ದು ಕೂತ. ಮಾರನೆಯ ದಿನದಿಂದಲೇ ಊಟಕ್ಕೆ ಕೂತಾಗ ನೆಲದ ಬಗ್ಗೆ ಮಾತಾಡಲು ಶುರುಮಾಡಿದ. “ಭಾವ, ನೀವು ನೆಲಾನ ಬರೀ ನೆಲ ಅಂತ ನೋಡ್ತೀರ. ಅದೊಂದು ವ್ಯವಸ್ಥೆ.” ಮೇಸ್ತ್ರಿ ಅನ್ನ ನುಂಗಿದ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತ ಗಾದೆ ಮಾಡಿದವನಿಗೆ ಪಾಪ, ಅಂಕಗಳ ಪಟ್ಟಿ ಯಾರೂ ತೋರಿಸಿರಲಿಲ್ಲ.

ಪರಿಶೀಲಿಸಲಾಗದ ಅನುಭವ. ಅದನ್ನು ಪರಿಶೀಲಿಸಲು ಇವರೆಲ್ಲ ಒಂದು ಸಲ ತಲೆ ತಗ್ಗಿಸಿದ್ದರೆ ಸಾಕಿತ್ತು. ಏಕೆಂದರೆ ಮೇಡಮ್ಮಿನ ಕುರ್ಚಿ, ಕಾವಲುಗಾರನ ಬೂಟು, ಬ್ರಷ್ ಮಾರುವ ದಂತವೈದ್ಯೆಯ ಕಣ್ಣೀರು ಎಲ್ಲ ಬೀಳುತ್ತಿದ್ದದ್ದು ಅವನ ನೆಲದ ಮೇಲೇ. ಈ ದೇಶಕ್ಕೆ ಬಂದಾಗ ಸಿಕ್ಕ ಮೊದಲ ಕೆಲಸ ಈ ಹಜಾರ. ಆಗ ಕಚೇರಿಯೂ ನಡೆಯುತ್ತಿತ್ತು, ಕಾಮಗಾರಿಯೂ ನಡೆಯುತ್ತಿತ್ತು. ಒಂದು ಮೂಲೆಯಲ್ಲಿ ಜನ ಸಾಲು ನಿಂತಿದ್ದರೆ ಇನ್ನೊಂದು ಮೂಲೆಯಲ್ಲಿ ಅವನು ಮೊಣಕಾಲೂರಿ ದಾರ ಎಳೆಯುತ್ತಿದ್ದ. ಅವನ ಅರ್ಜಿಯೂ ಅದೇ ಸಾಲಿನಲ್ಲಿತ್ತು. ಕೊನೆಯ ದಿನ, ಕೊನೆಯ ಟೈಲು, ನಾಲ್ಕನೇ ಕಿಟಕಿಯ ಪಕ್ಕದ ಸಣ್ಣ ಬಾಗಿಲ ಬುಡದಲ್ಲಿ. ಅವನಿಗೆ ಕೆಲಸ ಕಲಿಸಿದ ಮುದುಕ ಮೇಸ್ತ್ರಿ ಒಂದು ಕಟ್ಟಳೆ ಮಾಡಿದ್ದ: ಪ್ರತಿ ಕೆಲಸದ ಕೊನೆಯ ಟೈಲಿನ ಬೆನ್ನ ಮೇಲೆ ತಾರೀಖು, ಜೊತೆಗೆ ಮನಸ್ಸಿಗೆ ಬಂದ ಒಂದು ಮಾತು, ಪೆನ್ಸಿಲಿನಲ್ಲಿ. “ಮನೆಯೋರ ಹೆಸರು ಮೇಲ್ಗಡೆ ಇರ್ಲಿ, ನಮ್ದು ಕೆಳಗಡೆ ಇರ್ಲಿ,” ಎನ್ನುತ್ತಿದ್ದ ಮುದುಕ. ಅಂದೂ ಬರೆದ. ಕರಣೆಯಲ್ಲಿ ಗಾರೆ ತೆಗೆದು ಅರ್ಧ ಜಾಗಕ್ಕೆ ಬಳಿದಿದ್ದ, ಅಷ್ಟರಲ್ಲಿ ಸ್ಪೀಕರು ಅವನ ನಂಬರು ಕೂಗಿತು. ತಪ್ಪಿದರೆ ಮತ್ತೆ ಮೂರು ವಾರ. ಟೈಲನ್ನು ಜಾಗಕ್ಕೆ ಕೂರಿಸಿ, ಅಂಗೈಯಲ್ಲಿ ಎರಡು ಸಲ ತಟ್ಟಿ, ಸಿಮೆಂಟಿನ ಕೈಯಲ್ಲೇ ಓಡಿದ. ಠಸ್ಸೆ ಬಿತ್ತು, ಮೊದಲ ಪರವಾನಗಿಯ ಮೂಲೆಯಲ್ಲಿ ಅವನ ಬೂದು ಬೆರಳು ಇಂದಿಗೂ ಇದೆ. ಸಂಜೆ ಆ ಟೈಲನ್ನು ತಟ್ಟಿ ನೋಡಿದಾಗ ಎಡಗಡೆ ಟೊಳ್ಳು. ಕಿತ್ತು ಹಾಕಬಹುದಿತ್ತು. ಆದರೆ ಠಸ್ಸೆ ಬಿದ್ದ ದಿನವೇ ತಪ್ಪು ಮಾಡಿ ಸಿಕ್ಕಿಬಿದ್ದರೆ ಠಸ್ಸೆಯನ್ನೂ ಕಿತ್ತಾರೇನೋ ಎಂದು ಹೆದರಿದ. ಸಂದು ತುಂಬಿ, ಒರೆಸಿ, ಮನೆಗೆ ಹೋಗಿ ಹೆಂಡತಿಯನ್ನು ಎತ್ತಿ ಕುಣಿಸಿದ. ಆಮೇಲೆ ನೂರಾರು ನೆಲ ಹಾಕಿದ್ದಾನೆ, ಒಂದೂ ಟೊಳ್ಳಿಲ್ಲ. ಅದೊಂದು ಮಾತ್ರ ಅವನ ಹೊಟ್ಟೆಯಲ್ಲೇ ಇತ್ತು. ನವೀಕರಣಕ್ಕೆ ಬಂದಾಗಲೆಲ್ಲ ನಾಲ್ಕನೇ ಕಿಟಕಿ ತಪ್ಪಿಸುತ್ತಿದ್ದ, ಸಾಲಕೊಟ್ಟವನ ಬೀದಿ ತಪ್ಪಿಸುವ ಹಾಗೆ. ಇವತ್ತು ಟೋಕನ್ ಅಲ್ಲಿಗೇ ಕರೆದಿತ್ತು.

“ಹೆಬ್ಬೆಟ್ಟು ಒತ್ತಿ ಹಾಗಿದ್ರೆ,” ಎಂದರು ಮೇಡಂ, ಈಗ ಮೈಕು ಆರಿಸಿ. ಕನ್ನಡಕಕ್ಕೆ ಸರಪಳಿ ಹಾಕಿ ಕುತ್ತಿಗೆಗೆ ತೂಗುಬಿಟ್ಟಿದ್ದರು. ಆ ಸರಪಳಿಯೂ ಕಚೇರಿಯ ಆಸ್ತಿಯಂತೆ ಕಾಣುತ್ತಿತ್ತು. ಮೇಸ್ತ್ರಿ ಪೆನ್ನು ಹಿಡಿದಿದ್ದ ಕೈಯನ್ನು ನೋಡಿಕೊಂಡ. ಒಂಬತ್ತನೆಯ ಷರತ್ತು, ಹತ್ತನೆಯ ಷರತ್ತು ಎರಡನ್ನೂ ನಿಧಾನವಾಗಿ ಓದಿ ಮುಗಿಸಿದ, ಓದಲು ಬಾರದವನು ಚಿತ್ರ ನೋಡುವ ಹಾಗೆ ಮುಖ ಇಟ್ಟುಕೊಂಡು. ಆಮೇಲೆ ಪೆನ್ನು ಕೆಳಗಿಟ್ಟು ಹೆಬ್ಬೆರಳನ್ನು ಇಂಕಿಗೆ ಒತ್ತಿ ಕಾಗದಕ್ಕೆ ಒತ್ತಿದ. ಬಿದ್ದದ್ದು ಒಂದು ನೀಲಿ ಗುಂಡು. ಮೇಡಂ ಕನ್ನಡಕ ಏರಿಸಿದರು. “ಏನ್ರೀ ಇದು, ಗೆರೆನೇ ಇಲ್ವಲ್ಲ?” ಇನ್ನೊಂದು ಬೆರಳು ಒತ್ತಿಸಿದರು. ಅದೂ ಗುಂಡು. ಹತ್ತು ಬೆರಳಿಗೂ ಹತ್ತು ನೀಲಿ ಗುಂಡು, ಕಾಗದದ ಮೇಲೆ ಯಾರೋ ನೇರಳೆ ಹಣ್ಣು ಚೆಲ್ಲಿದಂತೆ. ಸಿಮೆಂಟು ಇಷ್ಟು ವರ್ಷದಲ್ಲಿ ಬೆರಳಿನ ಗೆರೆಗಳನ್ನೆಲ್ಲ ತಿಂದು ತೇಗಿತ್ತು. “ಕೆಲಸದಲ್ಲಿ ಹೋಗಿದೆ ಮೇಡಂ,” ಎಂದ ಭಾಮೈದ, ತಾನೇ ಸವೆದವನ ದನಿಯಲ್ಲಿ. “ಹಾಗಾ? ನಿಮ್ಮ ಕೈ ತೋರ್ಸಿ.” ಭಾಮೈದ ತೋರಿಸಿದ. ಅವು ಬೆಣ್ಣೆ ತೆಗೆದಿಟ್ಟಂತಿದ್ದವು. ಉಗುರುಗಳಂತೂ ನಿನ್ನೆ ಹುಟ್ಟಿದಂತಿದ್ದವು. ಮೇಡಂ ಆ ಕೈ ನೋಡಿದರು, ಈ ಗುಂಡು ನೋಡಿದರು, ಅರ್ಜಿ ತಿರುವಿ ಹನ್ನೊಂದನೇ ಷರತ್ತಿನ ಮೇಲೆ ಪೆನ್ನು ಇಟ್ಟರು. “ಅಧಿಕಾರಿಗೆ ಸಂಶಯ ಬಂದಲ್ಲಿ ತಜ್ಞರ ತಜ್ಞತೆಯನ್ನು ಸ್ಥಳದಲ್ಲೇ ಪರಿಶೀಲಿಸತಕ್ಕದ್ದು. ನನಗೆ ಸಂಶಯ ಬಂದಿದೆ.” ಬಂದದ್ದಕ್ಕೆ ಅವರಿಗೆ ಬಹಳ ಸಂತೋಷವಾದ ಹಾಗಿತ್ತು. “ನೀವು ಪಾಸಾಗಲಿಲ್ಲ ಅಂದ್ರೆ ಇಬ್ಬರದ್ದೂ ವಾಪಸ್ಸು. ಬರ್ತೀನಿ ಇರಿ.”

ಭಾಮೈದ ತಿರುಗಿ, “ಭಾವ,” ಎಂದ. ಮುಖದಲ್ಲಿ ಒಂದು ಹನಿ ರಕ್ತವಿರಲಿಲ್ಲ. ಈ ಮುಖವನ್ನು ಮೇಸ್ತ್ರಿ ಮುಂಚೆ ಒಂದು ಸಲ ನೋಡಿದ್ದ, ಹುಡುಗ ಇಲ್ಲಿಗೆ ಬಂದ ಮೊದಲ ವರ್ಷ ಪರೀಕ್ಷೆಯೊಂದರಲ್ಲಿ ಫೇಲಾದಾಗ. ಆ ಸಂಜೆ ಹೆಂಡತಿ ಅಳುತ್ತಿದ್ದಳು, ಅವನು ಹುಡುಗನ ಬೆನ್ನು ತಟ್ಟಿ ಹೋಗ್ಲಿ ಬಿಡೋ ಎಂದಿದ್ದ, ಅನ್ನುತ್ತಿದ್ದಾಗಲೇ ಒಳಗೆ ಎಲ್ಲೋ ಒಂದು ಸಣ್ಣ ಸೀಟಿ ಕೇಳಿತ್ತು, ಖುಷಿಯದ್ದು. ಬಚ್ಚಲಿಗೆ ಹೋಗಿ ಮುಖ ತೊಳೆದಿದ್ದ. ಅದನ್ನು ನೆನೆದಾಗಲೆಲ್ಲ ತನ್ನ ಮೇಲೇ ಹೇಸಿಗೆಯಾಗಿ, ಭಾಮೈದನಿಗೆ ಒಂದು ತಟ್ಟೆ ಹೆಚ್ಚಿಗೆ ಬಡಿಸುವಂತೆ ಹೆಂಡತಿಗೆ ಹೇಳುತ್ತಿದ್ದ. ಹುಡುಗ ದಪ್ಪಗಾಗಲು ಅದೇ ಕಾರಣ. ಓದೆಂದರೆ ಮೇಸ್ತ್ರಿಗೆ ಒಂದು ಬೆರಳಿನ ಗೆಣ್ಣು. ಎಂಟನೇ ತರಗತಿಯ ಮೇಷ್ಟ್ರು ಅವನನ್ನು ಎದ್ದು ನಿಲ್ಲಿಸಿ ಐವತ್ತು ಮಕ್ಕಳ ಎದುರು ತಲೆಯ ಮೇಲೆ ಆ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳುವ ನಟನೆ ಮಾಡಿ, “ಟೊಳ್ಳು!” ಎಂದಿದ್ದರು. ತರಗತಿ ನಕ್ಕಿತ್ತು. ಅವನು ಚೀಲ ತೆಗೆದುಕೊಂಡು ಹೊರಟವನು ಇನ್ನೂ ಹಿಂದಿರುಗಿಲ್ಲ. ಆರು ತಿಂಗಳಾದ ಮೇಲೆ ಮುದುಕ ಮೇಸ್ತ್ರಿ ಹೊಸ ನೆಲದ ಮೇಲೆ ಅದೇ ಗೆಣ್ಣು ಬಡಿದು, “ಕೇಳ್ಕೋ, ತುಂಬಿದ್ರೆ ಹೀಗೆ, ಟೊಳ್ಳಿದ್ರೆ ಹಾಗೆ,” ಎಂದು ಕಲಿಸಿದಾಗ ಅವನು ಯಾರಿಗೂ ಕಾಣದ ಹಾಗೆ ಒಂದು ಸಲ ತನ್ನ ತಲೆಯನ್ನೂ ತಟ್ಟಿ ನೋಡಿಕೊಂಡಿದ್ದ. ತುಂಬಿದ ಸದ್ದೇ ಬಂತು. ಆದರೂ ಹೇಳಲಾಗದು, ತಲೆಯ ಮಾತು, ಒಳಗಿಂದ ಕೇಳುವವನೂ ತಾನೇ ಅಲ್ಲವೇ.

ಮೇಡಂ ಸಣ್ಣ ಬಾಗಿಲು ತೆರೆದುಕೊಂಡು ಹೊರಗೆ ಬಂದರು, ಬಂದವರೇ ಎಡವಿದರು. ಸರಪಳಿಯ ಕನ್ನಡಕ ಹಾರಿ ಮತ್ತೆ ಎದೆಗೆ ಬಡಿಯಿತು. “ಹಾಳಾದ್ದು! ಈ ಟೈಲಿನ ಬಗ್ಗೆ ನಾನು ಎಂಟು ಪತ್ರ ಬರೆದಿದ್ದೀನಿ. ಎಂಟು! ದುರಸ್ತಿಯೋರು ಒಂದಕ್ಕೂ ಉತ್ತರ ಕೊಟ್ಟಿಲ್ಲ.” ಆಮೇಲೆ ಅವರ ಮುಖದಲ್ಲಿ ಒಂದು ಬೆಳಕು ಮೂಡಿತು, ಸರಕಾರಿ ಮುಖದಲ್ಲಿ ಅಪರೂಪಕ್ಕೆ ಮೂಡುವಂಥದ್ದು. “ನೀವು ನೆಲಹಾಸು ತಜ್ಞರಲ್ವಾ? ಇದನ್ನ ಸರಿ ಮಾಡಿ ನೋಡೋಣ. ನಿಮ್ಮ ಸಹಾಯಕರ ಚೀಲದಲ್ಲಿ ಸಾಮಾನು ಇರೋ ಹಾಗಿದೆ.”

ಇತ್ತು. ಮೇಸ್ತ್ರಿ ಮದುವೆಮನೆಗೆ ಹೋದರೂ ಆ ಚೀಲ ಬಿಡುವವನಲ್ಲ. ಅವನು ಹೆದರಿದ್ದು ಭಾಮೈದನಿಗಾಗಿ ಅಲ್ಲ. ಒಂಬತ್ತು ವರ್ಷದ ಮೇಲೆ ಊರ ಜನರ ಎದುರು ಅವನ ಗುಟ್ಟನ್ನೇ ಬಗೆದು ತೆಗೆಯಲು ಹೊರಟಿದ್ದರು.

ಹಜಾರದ ಜನ ಟೋಕನ್ ಮರೆತು ಸುತ್ತ ನಿಂತರು. ಭಾಮೈದ ಟೈಲಿನ ಮುಂದೆ ನಿಂತು ಸೊಂಟದ ಮೇಲೆ ಕೈಯಿಟ್ಟ. “ಮೊದಲು ನಾವು ಸಮಸ್ಯೆ ಎಲ್ಲಿದೆ ಅಂತ ಗುರುತಿಸ್ತೀವಿ ಮೇಡಂ.”

“ಗುರುತಿಸಿ ಆಯ್ತಲ್ರೀ, ಎಡವಿದ್ದು ನಾನೇ.”

“ಹೌದು. ಆಮೇಲೆ ಕಾರಣ. ಕಾರಣ ಏನಂದ್ರೆ…” ಅವನು ಭಾವನ ಕಡೆ ನೋಡಿದ. ಭಾವ ಚಾವಣಿ ನೋಡುತ್ತಿದ್ದ. “ಕಾರಣ ಏನಂದ್ರೆ ಮೇಡಂ, ಇದನ್ನ ಹಾಕಿದೋನು. ಓದು ಬರಹ ಇಲ್ಲದೋರು ಹಾಕಿದ್ರೆ ಇದೇ ಗತಿ. ಇಂಥ ಕತ್ತೆಗಳಿಗೆ ಒಂದು ವ್ಯವಸ್ಥೆ ಇರಲ್ಲ, ಒಂದು ಯೋಜನೆ ಇರಲ್ಲ, ಮಧ್ಯದಲ್ಲಿ ಬಿಟ್ಟು ಎಲ್ಲಿಗೋ ಓಡ್ತಾರೆ.”

ಮೇಸ್ತ್ರಿ ಚಾವಣಿಯಿಂದ ಕಣ್ಣು ಕಿತ್ತ. ಓಡಿದ್ದು ಇವನಿಗೆ ಹೇಗೆ ಗೊತ್ತಾಯಿತು? ಗೊತ್ತಾಗಿರಲಿಲ್ಲ; ಕುರುಡ ಎಸೆದ ಕಲ್ಲು ಮಾವಿಗೆ ಬಿದ್ದಿತ್ತು, ಅಷ್ಟೇ. ಮೇಡಂ, “ಅದಕ್ಕೇ ಹೊಸ ನಿಯಮ ತಂದಿರೋದು,” ಎಂದು ತಲೆಯಾಡಿಸಿದರು. ಕಾವಲುಗಾರನೂ ಆಡಿಸಿದ. ಮೇಸ್ತ್ರಿಗೆ ಕೋಪ ಬಂತು, ಆದರೆ ಕೋಪಕ್ಕೆ ನಿಲ್ಲಲು ಜಾಗ ಸಿಗಲಿಲ್ಲ, ಏಕೆಂದರೆ ಕತ್ತೆ ಓಡಿದ್ದು ನಿಜವಾಗಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವೂ ಡೊಂಕಾಗಿತ್ತು, ಅದೇ ಫಜೀತಿ.

“ಹೂಂ, ಮಾಡಿ,” ಎಂದರು ಮೇಡಂ.

ಭಾಮೈದ ಚೀಲಕ್ಕೆ ಕೈಹಾಕಿ ಉಳಿ ತೆಗೆದ, ಹಿಡಿಯನ್ನು ನೆಲಕ್ಕೂ ಬಾಯನ್ನು ತನ್ನ ಹೊಟ್ಟೆಗೂ ಮಾಡಿ ಹಿಡಿದ. ದಂತವೈದ್ಯೆ ಎರಡು ಹೆಜ್ಜೆ ಹಿಂದೆ ಸರಿದಳು. ಮೇಸ್ತ್ರಿಯ ಕಣ್ಣೆದುರು ಮೂವತ್ತು ದಿನ ಬಂದು ನಿಂತವು, ಮೇಜಿನ ಕೆಳಗಿಂದ ಮುಂದಕ್ಕೆ ಚಾಚಿದ ಒಂದು ತಲೆ ಬಂದು ನಿಂತಿತು. ಅವನು ಮೊಣಕಾಲೂರಿದ. ಭಾಮೈದನ ಕೈಯಿಂದ ಉಳಿಯನ್ನು, ಮಗುವಿನ ಕೈಯಿಂದ ಚಾಕು ತೆಗೆದುಕೊಳ್ಳುವಂತೆ, ಮೆಲ್ಲಗೆ ತೆಗೆದುಕೊಂಡ. ಸಂದಿನ ಹಳೆಯ ಗಾರೆ ಕೆರೆದ. ಅದು ಒಣ ರೊಟ್ಟಿಯಂತೆ ಉದುರಿತು.

“ಸಂದು ಕೆರೀರಿ,” ಎಂದ ಭಾಮೈದ, ಕೆರೆದು ಮುಗಿದ ಮೇಲೆ.

ಮೇಸ್ತ್ರಿ ಗಾಳಿ ಹೀರಿ ಕಚ್ಚಿಕೊಳ್ಳುವ ರಬ್ಬರಿನ ಹಿಡಿಯನ್ನು ಟೈಲಿಗೆ ಅಂಟಿಸಿದ.

“ಆ ರಬ್ಬರಿಂದು… ಅದನ್ನ ಅಂಟಿಸಿ.”

ಎತ್ತಿದ.

“ಎತ್ತಿ ಈಗ. ನಿಧಾನ, ನಿಧಾನ. ಹಾಂ, ಭೇಷ್.”

“ಒಳ್ಳೇ ಮೇಲ್ವಿಚಾರಣೆ,” ಎಂದರು ಮೇಡಂ ಕಾವಲುಗಾರನಿಗೆ.

ಟೈಲು ಇಡಿಯಾಗಿ ಮೇಲೆದ್ದಿತು. ಕೆಳಗೆ ಅರ್ಧ ಗಾರೆ, ಅರ್ಧ ಬರೀ ಧೂಳು. ಆ ಬರೀ ಅರ್ಧವನ್ನು ನೋಡುತ್ತ ಮೇಸ್ತ್ರಿಗೆ, ಇದೇನಾ ಇಷ್ಟು ವರ್ಷ ನಾನು ಹೊತ್ತದ್ದು, ಅಂಗೈ ಅಗಲ ಧೂಳು, ಎಂದು ನಗು ಬಂದು, ನಗು ಕೆಮ್ಮಾಯಿತು. ಟೈಲನ್ನು ಬೋರಲಾಗಿಸಿ ಬದಿಗಿಟ್ಟ. ಗಾರೆ ಮುಟ್ಟದೆ ಉಳಿದ ಕಡೆಯಲ್ಲಿ ಪೆನ್ಸಿಲ್ ಬರಹ ನಿನ್ನೆ ಬರೆದಂತೆ ಇತ್ತು. ತಾರೀಖು, ಕೆಳಗೆ, ‘ಕೊನೇ ಟೈಲು. ಇವತ್ತು ಇರು ಅಂದರೆ ಸಾಕು.’

“ಇದೇನು ಬರೆದಿದೆ? ನಿಮ್ಮ ಭಾಷೆ ಥರ ಇದೆ,” ಎಂದರು ಮೇಡಂ ಬಗ್ಗಿ.

ಭಾಮೈದ ಬಗ್ಗಿದ. ಆ ಅಕ್ಷರ ಅವನಿಗೆ ಗೊತ್ತಿತ್ತು. ಅಡುಗೆಮನೆಯ ಡಬ್ಬಗಳ ಮೇಲೆ, ಮಗಳ ಪುಸ್ತಕದ ರಟ್ಟಿನ ಮೇಲೆ, ಅವನ ಕಾಲೇಜಿನ ಅರ್ಜಿಗೆ ಭಾವ ಹಾಕಿದ್ದ ಜಾಮೀನು ಸಹಿಯಲ್ಲಿ ಅದೇ ಅಕ್ಷರ, ಅದೇ ಎತ್ತಿನ ಕೊಂಬಿನಂಥ ‘ಇ’. ಅವನ ಕುತ್ತಿಗೆ ಕೆಳಗಿನಿಂದ ಮೇಲಕ್ಕೆ ಕೆಂಪಾಯಿತು. ಕತ್ತೆ ಯಾರೆಂದು ಈಗ ತಿಳಿದಿತ್ತು. “ಕಂಪನಿ ಮಾರ್ಕು ಮೇಡಂ,” ಎಂದ, ದನಿ ಅರ್ಧಕ್ಕೆ ಹೋಗಿ ಬಂತು.

ಮೇಸ್ತ್ರಿ ಹಳೆಯ ಗಾರೆ ಕೆರೆದು, ಕಾವಲುಗಾರನ ಬಾಟಲಿಯ ನೀರು ಚಿಮುಕಿಸಿ, ಡಬ್ಬದಲ್ಲಿದ್ದ ಪುಡಿಯನ್ನು ಕಲಸಿ, ಈ ಸಲ ಮೂಲೆಮೂಲೆಗೂ ಬಳಿದ, ಹಬ್ಬದ ಮನೆಗೆ ಬಳಿಯುವಂತೆ, ಯಾವ ಸ್ಪೀಕರು ಯಾರ ನಂಬರು ಕೂಗಿದರೂ ಏಳದೆ. ಕೂಗುತ್ತಲೂ ಇತ್ತು, ಬೇರೆ ಕಿಟಕಿಗಳ ನಂಬರುಗಳು, ಯಾರೂ ಹೋಗುತ್ತಿರಲಿಲ್ಲ, ಎಲ್ಲರೂ ಇವನನ್ನೇ ನೋಡುತ್ತಿದ್ದರು. ಟೈಲು ಕೂರಿಸುವ ಮುಂಚೆ ಕಿವಿಯ ಹಿಂದಿನ ಪೆನ್ಸಿಲ್ ತೆಗೆದ. ಹಳೆಯ ಸಾಲಿನ ಕೆಳಗೆ ಇಂದಿನ ತಾರೀಖು ಹಾಕಿ, ತಪ್ಪಿಲ್ಲದಂತೆ, ಒತ್ತು ದೀರ್ಘ ಎಲ್ಲ ಸರಿಯಾಗಿ, ಆತುರವಿಲ್ಲದೆ ಬರೆದ: ‘ಎರಡನೇ ಸಲ ಹಾಕಿದ್ದು. ಮೇಲ್ವಿಚಾರಣೆ: ಯಾರೂ ಇಲ್ಲ.’ ಬರೆದದ್ದು ಭಾಮೈದನಿಗೆ ಕಾಣುವಷ್ಟು ಹೊತ್ತು ಹಿಡಿದ. ಆಮೇಲೆ ಮಗುಚಿ ಕೂರಿಸಿದ. ರಬ್ಬರ್ ಸುತ್ತಿಗೆಯಿಂದ ನಾಲ್ಕು ಪೆಟ್ಟು. ರಸಮಟ್ಟ ಇಟ್ಟ, ಗುಳ್ಳೆ ಎರಡು ಗೆರೆಯ ನಡುವೆ ಬಂದು ಕೂತಿತು. ಗೆಣ್ಣಿನಿಂದ ತಟ್ಟಿದ. ತುಂಬಿದ ಸದ್ದು, ಗಟ್ಟಿ, ಗಿಡ್ಡ, ಹೊಟ್ಟೆತುಂಬ ಉಂಡವನು ಸಾಕು ಅಂದಂಥ ಸದ್ದು.

ಯಾರೋ ಚಪ್ಪಾಳೆ ತಟ್ಟಿದರು. ಮೇಡಂ ಒಳಗೆ ಹೋದರು, ಈಗಷ್ಟೇ ಕೂರಿಸಿದ ಟೈಲನ್ನು, ಲಂಗ ಎತ್ತಿಕೊಂಡು ಹಳ್ಳ ದಾಟುವಂತೆ, ಕಾಲೆತ್ತಿ ದಾಟಿಕೊಂಡು. ಕುರ್ಚಿಯಲ್ಲಿ ಕೂತು ಠಸ್ಸೆ ಎತ್ತಿದರು. ಧಡ್. ತಜ್ಞನಿಗೆ ಐದು ವರ್ಷ. ಧಡ್. ಸಹಾಯಕನಿಗೆ ಒಂದು. ಕಾಗದಗಳು ಗಾಜಿನ ಕೆಳಗಿನ ಸೀಳಿನಿಂದ ಹೊರಬಂದವು. ಮೇಸ್ತ್ರಿ ತನ್ನದನ್ನು ತೆಗೆದು, ಠಸ್ಸೆ ಒಣಗಲು ಊದಿ, ನಾಲ್ಕು ಮಡಿಕೆ ಮಾಡಿ ಇಸ್ತ್ರಿಯ ಅಂಗಿಯ ಜೇಬಿಗೆ ಹಾಕಿದ. ಒಂದು ವರ್ಷ. ಮಗಳು ನಾಲ್ಕನೇ ತರಗತಿಗೆ ಇಲ್ಲೇ ಹೋಗುತ್ತಾಳೆ. ಬರುವ ವರ್ಷ ಮತ್ತೆ ಇದೇ ತಲೆಯ ಮೇಲೆ ಆಣೆ.

ಆಗ ಮೇಡಮ್ಮಿಗೆ ನೆನಪಾಯಿತು. ಕೈ ಮೈಕಿನ ಗುಂಡಿಗೆ ತಾಗಿತೋ, ಬೇಕೆಂದೇ ಒತ್ತಿದರೋ, ಮಾತು ಮತ್ತೆ ನಾಲ್ಕು ಮೂಲೆಯಿಂದ ಬಂತು: “ರೀ ಸಹಾಯಕರೇ, ಓದಕ್ಕೆ ಬರಲ್ಲ ಅಂದ್ರಲ್ಲ ನಿಮಗೆ? ಮತ್ತೆ ಆವಾಗ ಏನ್ರೀ ಬರೆದ್ರಿ ಅಲ್ಲಿ?”

ಎಲ್ಲರೂ ಅವನನ್ನು ನೋಡಿದರು, ಮೊದಲು ನೋಡಿದವರೇ, ಬೇರೆ ಕಣ್ಣಲ್ಲಿ. ಹೇಳಬಹುದಿತ್ತು. ಈ ನೆಲ ನನ್ನದು ಎಂದು ನಾಲ್ಕು ಮೂಲೆಗೂ ಹೇಳಲು ಇನ್ನೊಂದು ಇಂಥ ದಿನ ಸಿಗದು. ನಾಲಿಗೆ ತುದಿಯಲ್ಲಿ ಇಡೀ ಹಜಾರ ಇತ್ತು. ಭಾಮೈದ ಎರಡೂ ಮೆತ್ತನೆಯ ಕೈ ಜೋಡಿಸಿ, ಸದ್ದಿಲ್ಲದೆ, ಭಾವ, ಭಾವ, ಎನ್ನುತ್ತಿದ್ದ. ಮೇಸ್ತ್ರಿಗೆ ಹತ್ತನೆಯ ಷರತ್ತು ನೆನಪಿತ್ತು, ಅಕ್ಷರ ಅಕ್ಷರ. ‘ಕೆಲಸದ ಕುರಿತು ಅಧಿಕಾರಿಗಳು ಕೇಳುವ ಯಾವುದೇ ಪ್ರಶ್ನೆಗೆ ಸದರಿ ತಜ್ಞರೇ ಉತ್ತರಿಸತಕ್ಕದ್ದು, ಸಹಾಯಕನು ಉತ್ತರಿಸತಕ್ಕದ್ದಲ್ಲ.’ ಎಷ್ಟು ಒಳ್ಳೆಯ ಷರತ್ತು. ಓದಿದ್ದವನು ಅವನೊಬ್ಬನೇ. ಚೀಲವನ್ನು ಹೆಗಲಿಗೆ ಏರಿಸಿ ಬಾಗಿಲ ಕಡೆ ನಡೆದ.

ಹೊಸ ಟೈಲು ಹಾಕಿದ ಮೇಲೆ ಒಂದು ದಿನ ಯಾರೂ ಕಾಲಿಡಬಾರದು. ಇದನ್ನು ಅವನು ಪ್ರತಿ ಮನೆಯಲ್ಲೂ ಹೊರಡುವಾಗ ಎರಡೆರಡು ಸಲ ಹೇಳುತ್ತಿದ್ದ, ಮುದುಕರಿಗೆ, ಮಕ್ಕಳಿಗೆ, ನಾಯಿಗೆ ಕೂಡ. ಇಂದು ಅದನ್ನು ಹೇಳಬೇಕಾದವರು ತಜ್ಞರು. ತಜ್ಞರು, “ಭಾವಾ, ನಿಲ್ಲಿ, ಒಂದು ನಿಮಿಷ,” ಎಂದು ಕೂಗುತ್ತ ಹಿಂದೆ ಓಡಿ ಬಂದದ್ದು, ಓಟದ ಮೊದಲ ಹೆಜ್ಜೆ ಬಿದ್ದದ್ದು ಅವನ ಬೆನ್ನಿಗೆ ಕೇಳಿಸಿತು. ಪಚಕ್. ಎಡಗಡೆ, ಒಳಮೂಲೆ, ಒಂದು ಉಗುರಿನಷ್ಟು ಕುಸಿದಿದೆ ಎಂದು ಅವನ ಕಿವಿ ತಿರುಗದೆಯೇ ಅಳೆಯಿತು.

“ಅಯ್ಯಯ್ಯೋ, ಮತ್ತೆ ಕೂತ್ಕೊಂಡ್ತಲ್ರೀ!” ಎಂದವು ನಾಲ್ಕು ಮೂಲೆಗಳು. “ರೀ ತಜ್ಞರೇ! ನಾಳೆ ನಮ್ಮ ದೊಡ್ಡ ಸಾಹೇಬ್ರು ಬರ್ತಾರೆ, ಇದನ್ನ ಸರಿ ಮಾಡ್ದೆ ನೀವು ಹೋಗೋ ಹಾಗಿಲ್ಲ!”

ಕಾಲು ನಿಂತವು. ಆ ಮೊದಲ ಸಲ ಬಿಟ್ಟರೆ, ಒಂಬತ್ತು ವರ್ಷದಲ್ಲಿ ಅವನು ಕೆಟ್ಟ ಟೈಲೊಂದನ್ನು ಬೆನ್ನ ಹಿಂದೆ ಬಿಟ್ಟು ಹೋದವನಲ್ಲ. ಅಂಗೈ ತುರಿಸಿತು, ಮೊಣಕಾಲು ತಾನಾಗಿ ಬಾಗಲು ನೋಡಿತು. ಎತ್ತಲು ಅರ್ಧ ನಿಮಿಷ ಸಾಕು, ಗಾರೆ ಇನ್ನೂ ಹಸಿ. ಆದರೆ ಒಂಬತ್ತನೆಯ ಷರತ್ತೂ ಇತ್ತು. ‘ಸದರಿ ಕೆಲಸದ ಸಂಪೂರ್ಣ ಹೊಣೆ ಸದರಿ ತಜ್ಞರದ್ದು.’ ಕಾವಲುಗಾರ ಬಾಗಿಲು ತೆರೆದು ಹಿಡಿದ, ಈಗ ಬಿಡಿಸಿ ಬಿಡಿಸಿ ಏನೂ ಹೇಳದೆ, ಹಲ್ಲು ಕಚ್ಚಿ ನಗು ತಡೆದುಕೊಂಡು. ಹೊರಗೆ ಬೀದಿಯಲ್ಲಿ ಒಳ್ಳೆಯ ಬಿಸಿಲಿತ್ತು.

“ಭಾವಾ! ಭಾವಾ, ಇದನ್ನ ಹೇಗೆ ಎತ್ತೋದು?”

ಮೇಸ್ತ್ರಿ ಮೆಟ್ಟಿಲಿಳಿದ. ಪ್ರತಿ ಮೆಟ್ಟಿಲಿಗೂ ಹಿಮ್ಮಡಿಯಿಂದ ಒಂದೊಂದು ಸಲ ತಟ್ಟುತ್ತ, ಸದ್ದು ಕೇಳುತ್ತ, ನಡೆದುಹೋದ.